ಕಹ್ವಾ ಆದ ಮೇಲಿನ ಸುದ್ದಿ

ನಾನು ಹೋಗಿ ಇಳಿದಾಗ ಕೊಯ್ಲಿನ ಯಂತ್ರ ಗೋಧಿ ಹೊಲದ ನಡುವೆ ಸುಮ್ಮನೆ ನಿಂತಿತ್ತು. ಅದರ ಒಂದು ಪಕ್ಕದ ತಗಡನ್ನು ಬಿಚ್ಚಿ ನೆಲದ ಮೇಲೆ ಮಲಗಿಸಿದ್ದರು. ಯಂತ್ರದ ನೆರಳಲ್ಲಿ ಕೂತಿದ್ದ ಡ್ರೈವರ್ ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಡಿದ. ಟಿಕ್ ಎಂದು ಒಡೆಯಿತು. ಪೈರು ಒಣಗಿ ಆಗಿದೆ, ಇನ್ನು ಕಾಯುವ ಹಾಗಿಲ್ಲ ಎಂದು ಅದರ ಅರ್ಥ. ನಾನು ಚೀಲ ಕೆಳಗಿಡುವ ಮೊದಲೇ ಅಂಗಿಯೊಳಗೆಲ್ಲ ಹೊಟ್ಟು ಸೇರಿ ಮೈ ಕೆರೆಯಲು ಶುರುವಾಯಿತು.

ಒಮಾನಿನ ಸಲಾಲಾದಿಂದ ಬೆಟ್ಟ ಹತ್ತಿ ಆಚೆ ಇಳಿದರೆ ನಜ್ದ್ ಎಂಬ ಮರುಭೂಮಿ. ತೆಂಗಿನ ತೋಟಗಳೂ ಮಳೆಗಾಲದ ತುಂತುರೂ ಬೆಟ್ಟದ ಆ ಕಡೆಗೇ ಉಳಿಯುತ್ತವೆ. ಈ ಕಡೆ ಕಲ್ಲು, ಮರಳು, ಗಾಳಿ. ಆಳದ ಬಾವಿಯ ನೀರನ್ನು ಚಕ್ರಗಳ ಮೇಲೆ ಸುತ್ತುವ ಉದ್ದನೆಯ ಕಬ್ಬಿಣದ ತೋಳೊಂದು ಚಿಮುಕಿಸುತ್ತದೆ. ಆ ತೋಳು ಸುತ್ತಿದಷ್ಟು ಜಾಗ ಮಾತ್ರ ದುಂಡಗೆ ಬೆಳೆಯುತ್ತದೆ. ಈ ಕುಟುಂಬಕ್ಕೆ ಅಂಥ ಮೂರು ದುಂಡು ಹೊಲಗಳಿದ್ದವು, ಮೂರರಲ್ಲೂ ಗೋಧಿ. ಯಂತ್ರವೂ ಅವರದೇ, ಸೆಕೆಂಡ್ ಹ್ಯಾಂಡ್. ಅದರ ರಿಪೇರಿಯ ಹೊಣೆ ಮಾತ್ರ ನಮ್ಮ ಕಂಪನಿಯದು.

ನಮ್ಮ ಆಫೀಸು ಮಸ್ಕತ್ತಿನ ಅಲ್ ಖುವೈರ್‌ನಲ್ಲಿದೆ. ನಾನು ಅಲ್ಲಿ ಪಂಪು, ಜನರೇಟರು, ಟ್ರ್ಯಾಕ್ಟರು ನೋಡಿಕೊಳ್ಳುವವನು. ಸಲಾಲಾದ ನಮ್ಮ ಮೆಕ್ಯಾನಿಕ್ ರಜೆಗೆ ಊರಿಗೆ ಹೋಗಿದ್ದರಿಂದ ಮ್ಯಾನೇಜರ್ ನನ್ನನ್ನು ಕರೆದು, "ನೀವೇ ಹೋಗಿಬನ್ನಿ, ನಿಮಗೇನು, ಈಗ ಮನೇಲಿ ಕಾಯೋರಿಲ್ಲವಲ್ಲ" ಎಂದರು. ಮಾತು ನಿಜವೇ. ಮಗಳ ಕಾಲೇಜಿಗೆಂದು ಹೆಂಡತಿ ಮತ್ತು ಮಗಳು ಮೈಸೂರಿಗೆ ಹೋಗಿ ಕೆಲವು ತಿಂಗಳಾಗಿದ್ದವು. ಆದರೂ ಆ ಮಾತನ್ನು ಅಷ್ಟು ಸಲೀಸಾಗಿ ಆಡಬಾರದಿತ್ತು ಎಂದು ಸಲಾಲಾ ವಿಮಾನ ಇಳಿಯುವವರೆಗೂ ನನಗೆ ಉರಿಯುತ್ತಿತ್ತು.

ಯಂತ್ರಕ್ಕೆ ಕೈ ಹಾಕುವ ಮೊದಲು ಹೊಲದ ಯಜಮಾನರನ್ನು ಕಂಡೆ. ಎಪ್ಪತ್ತು ದಾಟಿದ ಒಮಾನಿ ಮನುಷ್ಯ. ಸಂಸಾರವೆಲ್ಲ ಸಲಾಲಾದಲ್ಲಿ, ಮನೆ ತುಂಬ ಮೊಮ್ಮಕ್ಕಳು. ಕೊಯ್ಲಿನ ಕಾಲದಲ್ಲಿ ಮಾತ್ರ ಇವರು ಬಾವಿಯ ಪಕ್ಕದ ತಗಡಿನ ಚಪ್ಪರಕ್ಕೆ ಬಂದುಬಿಡುತ್ತಾರೆ. ಚಾಪೆಯ ಮೇಲೆ ಕಹ್ವಾದ, ಅಂದರೆ ಏಲಕ್ಕಿ ಹಾಕಿದ ಅರಬ್ಬಿ ಕಾಫಿಯ ಫ್ಲಾಸ್ಕು, ಖರ್ಜೂರದ ತಟ್ಟೆ ಇತ್ತು. ಹಳೇ ಕಾಲದ ಒಮಾನಿಗಳಂತೆ ಅವರಿಗೂ ಹಿಂದಿ ಬರುತ್ತಿತ್ತು. "ಶೂ ಉಲೂಮ್?" ಎಂದು ಕೇಳಿದರು. ಏನು ಸುದ್ದಿ ಎಂದು. "ಖೈರ್" ಎಂದೆ. ಎಲ್ಲ ಒಳ್ಳೆಯದು. ನನಗೆ ಅಷ್ಟು ಗೊತ್ತಿತ್ತು. ನಿಂತಲ್ಲೇ ಒಂದು ಕಪ್ಪು ಕುಡಿದು, ಸಾಕು ಎನ್ನುವುದಕ್ಕೆ ಇಲ್ಲಿಯವರು ಮಾಡುವಂತೆ ಕಪ್ಪನ್ನು ಅಲ್ಲಾಡಿಸಿ ಕೊಟ್ಟು, ಯಂತ್ರದ ಕಡೆ ಓಡಿದೆ.

ಆ ದಿನದ ಕೆಲಸ ಸುಲಭದ್ದು. ಮುಂದಿನ ಕತ್ತರಿ ಪಟ್ಟಿಗೆ ಕಲ್ಲು ಸಿಕ್ಕಿ ಕೆಲವು ಬ್ಲೇಡುಗಳು ಮುರಿದಿದ್ದವು. ಪಟ್ಟಿಯನ್ನು ಎಳೆದು ಹೊರತೆಗೆದು, ಹಳೆಯ ರಿವೆಟ್ ಹಾರಿಸಿ, ಹೊಸ ಬ್ಲೇಡು ಕೂರಿಸಿ ಬಡಿದದ್ದಾಯಿತು. ಡ್ರೈವರ್ ಪಾಕಿಸ್ತಾನದ ಪಂಜಾಬಿನವನು, ನನ್ನದೇ ವಯಸ್ಸು. ಬೇಕಾದ ಸ್ಪ್ಯಾನರನ್ನು ಕೇಳುವ ಮೊದಲೇ ಕೈಗೆ ಕೊಡುತ್ತಿದ್ದ. ಮಾತು ಮಾತ್ರ ಇಲ್ಲ. "ಬೇರೆ ಏನಾದರೂ ತೊಂದರೆ ಇದೆಯಾ?" ಎಂದು ಹಿಂದಿಯಲ್ಲಿ ಕೇಳಿದೆ. "ಸಬ್ ಖೈರಿಯತ್ ಹೈ, ಉಸ್ತಾದ್" ಎಂದ. ಯಂತ್ರ ಗುರ್ರೆಂದು ಹೊರಟಿತು. ಇನ್ನೆರಡು ದಿನ ನೋಡಿ ಹೊರಟುಬಿಡಬಹುದು ಎಂದುಕೊಂಡೆ.

ಅವತ್ತೇ ಯಜಮಾನರ ದೊಡ್ಡ ಮಗ ಬಂದಿದ್ದ. ಸಲಾಲಾದಲ್ಲಿ ಲಾರಿಗಳ ವ್ಯವಹಾರ ನೋಡುವವನು. ಇಸ್ತ್ರಿ ಮಾಡಿದ ಬಿಳಿ ದಿಶ್ದಾಶ ನಿಲುವಂಗಿಯ ಮೇಲೆ ಹೊಟ್ಟು ಕೂರದಂತೆ ಗಾಳಿಗೆ ಬೆನ್ನು ಕೊಟ್ಟು ನಿಂತು, ನನಗೆ ನೇರವಾಗಿ ಹೇಳಿದ: "ನೋಡಿ ಇಂಜಿನಿಯರ್, ಹೋದ ವರ್ಷವೂ ಯಂತ್ರ ಕೈ ಕೊಟ್ಟಿತು, ಅರ್ಧ ಗೋಧಿ ನೆಲಕ್ಕೆ ಉದುರಿತು. ಈ ಸಲ ಮೂರೂ ಹೊಲ ಬೇಸಿಗೆಯ ಗಾಳಿ ಏಳುವ ಮುಂಚೆ ಕೊಯ್ದು ಒಳಗೆ ಬಂದರೆ ತಂದೆಯವರ ಇಷ್ಟದಂತೆ ಮುಂದಿನ ವರ್ಷವೂ ಗೋಧಿ. ಇಲ್ಲದಿದ್ದರೆ ಖಲಾಸ್. ಹುಲ್ಲು ಹಾಕ್ತೀನಿ." ಮೇವಿನ ಹುಲ್ಲಿಗೆ ಇಲ್ಲಿ ವರ್ಷವಿಡೀ ಬೇಡಿಕೆ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ. ಯಜಮಾನರು ಅಲ್ಲೇ ಇದ್ದರು. ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ, ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡರು.

ಎರಡನೆಯ ದಿನ ಕಾಳಿನ ಟ್ಯಾಂಕು ತುಂಬುವುದು ನಿಂತಿತು. ಕಾಳನ್ನು ಕೆಳಗಿನಿಂದ ಮೇಲಿನ ಟ್ಯಾಂಕಿಗೆ ಹೊತ್ತೊಯ್ಯುವ ಸರಪಳಿ ಕಡಿದು, ಅದರ ಕೊಳವೆಯ ತಳದಲ್ಲಿ ಮುದ್ದೆಯಾಗಿ ಬಿದ್ದಿತ್ತು. ಮೇಲಿಂದ ಕೆಳಗಿನವರೆಗೂ ಕಾಳು ಗಟ್ಟಿಯಾಗಿ ಕಚ್ಚಿತ್ತು. ತಳದ ಮುಚ್ಚಳ ತೆಗೆದು, ಮಲಗಿಕೊಂಡು, ಕೈಯಿಂದ ಗೋಧಿ ಬಗೆದು ತೆಗೆದೆವು. ಕಣ್ಣು, ಕಿವಿ, ಕತ್ತಿನ ಪಟ್ಟಿ ಎಲ್ಲೆಲ್ಲೂ ಧೂಳು. ಸರಪಳಿಯ ತುಂಡನ್ನು ಕೈಗೆ ತೆಗೆದುಕೊಂಡು ನೋಡಿದರೆ ಒಂದು ಪಕ್ಕ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಇದು ಈಗ ಕಡಿದದ್ದಲ್ಲ. ಸಡಿಲವಾಗಿ ತಗಡಿಗೆ ಬಡಿಯುತ್ತ ಬಹಳ ಹೊತ್ತು ಓಡಿದೆ. ಕ್ಯಾಬಿನ್ನಿನಲ್ಲಿ ಕೂತವನಿಗೆ ಆ ಸದ್ದು ಕೇಳದಿರಲು ಸಾಧ್ಯವೇ ಇಲ್ಲ.

"ಸದ್ದು ಬರ್ತಿತ್ತಾ ಇಲ್ವಾ?" ಎಂದು ಕೇಳಿದೆ.

"ಬರ್ತಿತ್ತು, ಉಸ್ತಾದ್."

"ಮತ್ತೆ ನಿನ್ನೆ ಕೇಳಿದಾಗ ಖೈರಿಯತ್ ಅಂದೆಯಲ್ಲ!"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. ತಪ್ಪು ಮಾಡಿದವನ ಮುಖ ಅದಾಗಿರಲಿಲ್ಲ. ನನಗೋ ಕೋಪ ಮೂಗಿನ ತುದಿಯಲ್ಲೇ ಇರುವುದು. ಹಿಂದಿ ಸಾಲದೆ ಮಂಡ್ಯದ ಕನ್ನಡದಲ್ಲೇ ನಾಲ್ಕು ಮಾತು ಬೈದೆ. ಅರ್ಥವಾಗದಿದ್ದರೂ ಅವನಿಗೆ ತಲುಪಿತು. ಆಮೇಲೆ ಅವನು ಸ್ಪ್ಯಾನರ್ ಕೊಡುವುದಕ್ಕೂ ಕೇಳುವವರೆಗೆ ಕಾಯತೊಡಗಿದ.

ಬಿಡಿಭಾಗಕ್ಕೆ ನನಗಿದ್ದ ಒಂದೇ ಆಸರೆ ಸಲಾಲಾದ ಒಂದು ಅಂಗಡಿ. ಅಂಗಡಿಯವರು ಬಂಟ್ವಾಳದ ಕಡೆಯ ಬ್ಯಾರಿ, ಫೋನಿನಲ್ಲಷ್ಟೇ ಪರಿಚಯ. ಚಪ್ಪರದಿಂದ ಸ್ವಲ್ಪ ದೂರದ ಮಣ್ಣಿನ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತಿತ್ತು.

"ಎಂಥ ಸಾರ್, ಪುನಃ ಹೋಯ್ತಾ?" ಎಂದು ಅವರು ನಕ್ಕರು. "ಆ ಗಾಡಿಗೆ ದೃಷ್ಟಿ ತೆಗೀಬೇಕು ಮಾರಾಯ್ರೆ. ಚೈನು ನನ್ನ ಹತ್ರ ಉಂಟು. ನಾಳೆ ನಿಮ್ಮ ಹತ್ರದ ತುಮ್ರೈತ್‌ಗೆ ಹೋಗುವ ನಮ್ಮವರ ಪಿಕಪ್‌ನಲ್ಲಿ ಹಾಕಿ ಕಳಿಸ್ತೇನೆ. ಊಟ ಎಂಥ ಅಲ್ಲಿ?"

"ಖುಬ್ಬೂಸ್ ರೊಟ್ಟಿ, ಬೀನ್ಸ್ ಡಬ್ಬಿ."

"ಅಯ್ಯೋ, ದೇವರೇ. ಚೈನಿನೊಟ್ಟಿಗೆ ಸ್ವಲ್ಪ ಮೀನಿನ ಚಟ್ನಿ ಕಳಿಸ್ಲಾ? ನೀವು ತಿನ್ನುದುಂಟಾ?"

ನಾನು ತಿನ್ನುವುದಿಲ್ಲ, ಆದರೂ ಕಳಿಸಿ ಎಂದೆ. ಅದರ ನೆಪದಲ್ಲಿ ಮಾತು ಇನ್ನೊಂದು ನಿಮಿಷ ಮುಂದುವರಿಯಿತು. ಆಮೇಲೆ ಬೇಡದ ಗ್ರೀಸ್ ನಿಪ್ಪಲ್ಲಿಗೂ ಬೋಲ್ಟಿಗೂ ಫೋನ್ ಮಾಡತೊಡಗಿದೆ. ಕನ್ನಡ ಕೇಳುವುದಕ್ಕೇ ಮಾಡುತ್ತಿದ್ದೆ. ಅದೇ ದಿಬ್ಬದಿಂದ ಹೆಂಡತಿಗೂ ಮಾಡುತ್ತಿದ್ದೆ. "ಇಲ್ಲಿ ಎಲ್ಲ ಚೆನ್ನಾಗಿದೆ, ಅಲ್ಲಿ?" "ಇಲ್ಲೂ ಚೆನ್ನಾಗಿದೆ, ಊಟ ಮಾಡಿದ್ರಾ?" ಅಷ್ಟರಲ್ಲಿ ಮುಗಿಯುತ್ತಿತ್ತು. ಮಗಳು "ಐ ಆ್ಯಮ್ ಫೈನ್ ಅಪ್ಪಾ, ಟೆಸ್ಟ್ ಇದೆ" ಎಂದು ಫೋನನ್ನು ತಾಯಿಗೆ ಕೊಡುತ್ತಿದ್ದಳು. ದಿಬ್ಬ ಇಳಿದು ಬಂದರೆ ನನ್ನ ಪೋರ್ಟಾ ಕ್ಯಾಬಿನ್ನು, ಅದರೊಳಗೆ ಒಂದು ಮಂಚ, ಒಂದು ಎಸಿ. ಡ್ರೈವರ್ ಚಪ್ಪರದಲ್ಲೇ ಯಜಮಾನರ ಜೊತೆ ಉಣ್ಣುತ್ತಿದ್ದ. ಅವರ ನಗು ಕೇಳಿಸುತ್ತಿತ್ತು. ನಾನು ಡಬ್ಬಿ ತೆರೆದು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ನನ್ನನ್ನು ಯಾರೂ ಮಾತಿಗೇ ಸೇರಿಸುವುದಿಲ್ಲ ಎಂದು ಬೇಜಾರಾಗುತ್ತಿತ್ತು. ದಿನಾ ಬೆಳಗ್ಗೆ ಯಜಮಾನರು ಸುದ್ದಿ ಕೇಳುವುದು, ನಾನು ಖೈರ್ ಎನ್ನುವುದು, ಡ್ರೈವರ್ ಖೈರ್ ಎನ್ನುವುದು, ನಾನು ನಿಂತಲ್ಲೇ ಕಪ್ಪು ಮುಗಿಸಿ ಹೊರಡುವುದು, ಇಷ್ಟೇ ನಡೆಯುತ್ತಿತ್ತು. ಕೆಲಸವಿರುವವನು ಕೂತರೆ ಆಗುತ್ತದೆಯೇ?

ಸರಪಳಿ ಬಂತು, ಹಾಕಿದೆವು, ಯಂತ್ರ ಓಡಿತು. ಮೊದಲ ಹೊಲದ ಅರ್ಧ ಮುಗಿಯಿತು. ಗೋಧಿ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಟ್ಯಾಂಕಿನಿಂದ ಟ್ರೇಲರಿಗೆ ಕಾಳು ಸುರಿಯುವಾಗ ಯಜಮಾನರು ಅದರ ಕೆಳಗೆ ಕೈಯೊಡ್ಡಿ ನಿಲ್ಲುತ್ತಿದ್ದರು.

ನಾನು ಯಂತ್ರದ ಹಿಂದೆ ನಡೆಯುತ್ತಿದ್ದೆ. ಹಿಂದೆ ಬೀಳುವ ಹೊಟ್ಟಿನಲ್ಲಿ ಕಾಳು ಹೋಗುತ್ತಿದೆಯೇ ಎಂದು ಬಗ್ಗಿ ನೋಡುವುದು ನನ್ನ ಅಭ್ಯಾಸ. ಹಾಗೆ ಬಗ್ಗಿದ್ದಾಗ ಮೂಗಿಗೆ ಸುಟ್ಟ ಗ್ರೀಸಿನ ವಾಸನೆ ಬಡಿಯಿತು. ತಲೆ ಎತ್ತಿದರೆ ಎಡ ಪಕ್ಕದ ತಗಡಿನ ಸಂದಿಯಿಂದ ಸಣ್ಣ ಹೊಗೆ. ಒಣಗಿದ ಗೋಧಿಯ ನಡುವೆ ಕಿಡಿ ಬಿದ್ದರೆ ಯಂತ್ರವಷ್ಟೇ ಹೋಗುವುದಿಲ್ಲ, ಗಾಳಿ ಇದ್ದರೆ ಹೊಲಕ್ಕೆ ಹೊಲವೇ ಹೋಗುತ್ತದೆ. ಕೂಗಿಕೊಂಡು ಮುಂದಕ್ಕೆ ಓಡಿದೆ. ಅಷ್ಟರಲ್ಲಿ ಡ್ರೈವರಿಗೂ ವಾಸನೆ ಹೊಡೆದಿತ್ತು. ಅವನು ನಿಲ್ಲಿಸಲಿಲ್ಲ; ಪೈರಿನಿಂದ ಹೊರಳಿಸಿ ಕೊಯ್ದ ಕೂಳೆಯ ಮೇಲೆ ಯಂತ್ರವನ್ನು ಓಡಿಸಿ, ಬರೀ ಮರಳಿರುವ ಅಂಚಿಗೆ ತಂದು ಆಮೇಲೆ ಇಂಜಿನ್ ಆರಿಸಿದ. ಅದು ಸರಿಯಾದ ಕೆಲಸ. ತಗಡು ಕಿತ್ತು, ಬೆಂಕಿ ಆರಿಸುವ ಸಿಲಿಂಡರ್ ಒತ್ತಿ, ಮರಳು ಎರಚಿ ಇಬ್ಬರೂ ಸೇರಿ ಆರಿಸಿದೆವು. ಇಬ್ಬರ ಕೈಯೂ ಬೊಬ್ಬೆ.

ಸುಟ್ಟದ್ದು ಬೀಟರಿನ ಎಡಗಡೆಯ ಬೇರಿಂಗ್. ತೆನೆ ಬಡಿಯುವ ದೊಡ್ಡ ಡ್ರಮ್ಮಿನ ಹಿಂದೆ ಬೀಟರ್ ಎಂಬ ಉರುಳೆ ಇರುತ್ತದೆ. ಬಡಿದ ಹುಲ್ಲನ್ನು ಹಿಂದಕ್ಕೆ ತಳ್ಳುವುದು ಅದರ ಕೆಲಸ. ಅದು ನಿಂತರೆ ಹುಲ್ಲು ಡ್ರಮ್ಮಿಗೇ ಸುತ್ತಿಕೊಂಡು ಎಲ್ಲವೂ ನಿಂತಂತೆ. ಹೊಸ ಬೇರಿಂಗ್ ಸಲಾಲಾದಲ್ಲಿ ಇರಲಿಲ್ಲ.

"ಗಾಬರಿ ಆಗ್ಬೇಡಿ," ಎಂದರು ಅಂಗಡಿಯವರು. "ಸುವೈಕ್‌ನಲ್ಲಿ ನನ್ನ ಭಾವನದ್ದು ಅಂಗಡಿ. ಅವ ನೋಡಿದ್ದಾನಂತೆ, ಅದೇ ನಂಬರು. ಮಸ್ಕತ್‌ಗೆ ತಂದು ಸಲಾಲಾ ಬಸ್ಸಿಗೆ ಹಾಕ್ತಾನೆ. ನೀವು ತುಮ್ರೈತ್‌ನಲ್ಲಿ ಬಸ್ಸು ಹಿಡ್ದು ತಗೊಳ್ಳಿ. ಎರಡು ದಿನ ಹೋಗ್ತದೆ, ಎಂಥ ಮಾಡ್ಲಿಕ್ಕೂ ಆಗುದಿಲ್ಲ."

ದೊಡ್ಡ ಮಗ ಬಂದು ಸುಟ್ಟ ಜಾಗ ನೋಡಿದ. ಕೂಗಾಡಲಿಲ್ಲ. "ಯಾರಿಗೂ ಏನೂ ಆಗಲಿಲ್ಲವಲ್ಲ, ಅಲ್ಹಮ್ದುಲಿಲ್ಲಾ" ಎಂದ. ಆಮೇಲೆ ತಂದೆಗೆ ಕೇಳದಷ್ಟು ದೂರ ನನ್ನನ್ನು ಕರೆದುಕೊಂಡು ಹೋಗಿ, "ನೀವು ವಾಪಸ್ ಹೋಗೋದಾದರೆ ಹೋಗಿ. ನಾನು ಬೇಸರ ಮಾಡಿಕೊಳ್ಳಲ್ಲ" ಎಂದ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಮಾಡಲು ಏನೂ ಕೆಲಸವಿರಲಿಲ್ಲ. ಬೆಳಗ್ಗೆ ಚಪ್ಪರಕ್ಕೆ ಹೋದೆ. ಓಡಿಹೋಗಲು ಯಂತ್ರವಿಲ್ಲದ್ದರಿಂದ ಚಾಪೆಯ ಮೇಲೆ ಕೂತೆ. ಯಜಮಾನರು ಸುದ್ದಿ ಕೇಳಿದರು. ಖೈರ್ ಎಂದೆ. ಹೊಲ ಸುಡುವುದರಲ್ಲಿತ್ತು, ಆದರೂ ಖೈರ್. ಡ್ರೈವರನ್ನು ಕೇಳಿದರು. ಬೊಬ್ಬೆಯ ಕೈಗೆ ಬಟ್ಟೆ ಸುತ್ತಿಕೊಂಡ ಅವನೂ ಖೈರ್ ಎಂದ. ಅವರೂ ಖೈರ್ ಎಂದರು. ಖರ್ಜೂರ ತಿಂದೆವು. ಕಹ್ವಾ ಒಂದು ಸುತ್ತು, ಇನ್ನೊಂದು ಸುತ್ತು ಬಂತು. ಎದ್ದು ಹೋಗೋಣವೆಂದು ನಾನು ಮೊಣಕಾಲು ಮಡಚುವಷ್ಟರಲ್ಲಿ ಯಜಮಾನರು ಕಪ್ಪನ್ನು ಕೆಳಗಿಟ್ಟು ಡ್ರೈವರ್ ಕಡೆ ತಿರುಗಿ ಮತ್ತೆ ಕೇಳಿದರು, "ಶೂ ಉಲೂಮ್?"

ಡ್ರೈವರ್ ಮಾತಾಡತೊಡಗಿದ. ಊರಿನಲ್ಲಿ ತಮ್ಮ ಟ್ರ್ಯಾಕ್ಟರ್ ಮಾರಿಬಿಟ್ಟ ಎಂದ. ತಾಯಿಗೆ ಕಣ್ಣಿನ ಪೊರೆ ತೆಗೆಸಬೇಕು ಎಂದ. ರಾತ್ರಿ ಕೈ ಉರಿದು ನಿದ್ದೆಯಿಲ್ಲ ಎಂದ. ಆಮೇಲೆ ಯಂತ್ರಕ್ಕೆ ಬಂದ. ಎಡಗಡೆಯ ಆ ಬೇರಿಂಗು ಹೋದ ವರ್ಷವೂ ಒಂದು ಸಲ ಹೋಗಿತ್ತು, ಕಳಪೆ ಮಾಲು ಹಾಕಿದ್ದಾರೆ ಎಂದ. ಯಜಮಾನರು ಎಲ್ಲದಕ್ಕೂ ತಲೆಯಾಡಿಸಿದರು. ಅವರಿಗೆ ಬಹಳಷ್ಟು ಮೊದಲೇ ಗೊತ್ತಿದ್ದಂತಿತ್ತು.

ನಾನು ತಡೆಯಲಾರದೆ ಕೇಳಿದೆ: "ಬಾಬಾ, ಸರಪಳಿ ಸದ್ದು ಮಾಡ್ತಿದ್ದದ್ದೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಇವನು ಹೇಳಿದ್ದ."

"ನನಗೆ ಯಾಕೆ ಹೇಳಲಿಲ್ಲ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅರ್ಥವಾಗಿ ಮೀಸೆಯಲ್ಲೇ ನಕ್ಕರು. "ನೀನು ಕೂತರೆ ತಾನೆ? ಬಂದವನ ಮುಖ ಕಂಡ ಕೂಡಲೇ ಕೆಟ್ಟ ಸುದ್ದಿ ಹೇಳ್ತಾರಾ? ಮೊದಲು ಖೈರ್ ಅನ್ನಬೇಕು. ಮನೆಗೆ ಬಂದವನು ಕೂರಲಿ, ಬಾಯಿ ಸಿಹಿಯಾಗಲಿ, ಕಹ್ವಾ ಆಗಲಿ. ಆಮೇಲೆ ಇನ್ನೊಂದು ಸಲ ಕೇಳಬೇಕು. ಆಗ ಹೇಳ್ತಾರೆ. ನಮ್ಮ ತಂದೆಯ ಕಾಲದಿಂದ ಹೀಗೇ. ನೀನು ಮೊದಲನೇ ಸುದ್ದಿ ತಗೊಂಡು ಓಡ್ತೀಯ. ಎರಡನೇದು ನಿನಗೆ ಬೇಡ ಅಂದುಕೊಂಡೆವು. ದೊಡ್ಡ ಇಂಜಿನಿಯರು, ಕಿವಿಯಿಂದಲೇ ಎಲ್ಲ ತಿಳ್ಕೋತಾನೆ ಅಂತ ಇವನು ಹೇಳ್ತಿದ್ದ."

ಡ್ರೈವರ್ ನೆಲ ನೋಡಿದ. ಎಷ್ಟೋ ವರ್ಷ ಅವರ ಜೊತೆ ಇದ್ದು ಅವನಿಗೂ ಅದೇ ರೂಢಿಯಾಗಿತ್ತು. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ಇಷ್ಟು ದಿನ ಗೋಡೆ ನೋಡಿಕೊಂಡು ಉಂಡದ್ದು, ದಿಬ್ಬ ಹತ್ತಿ ಬೋಲ್ಟಿಗೆ ಫೋನ್ ಮಾಡಿದ್ದು ಎಲ್ಲ ನೆನಪಾಯಿತು. ಮಾತು ಇಲ್ಲೇ ಇತ್ತು, ನಾನು ಅದು ಶುರುವಾಗುವ ಮುಂಚೆಯೇ ಎದ್ದುಹೋಗುತ್ತಿದ್ದೆ.

ನಾನೂ ಮತ್ತೆ ಕೇಳಿದೆ. "ಹೋದ ವರ್ಷ ಬೇರಿಂಗ್ ಹೋಗುವ ಮುಂಚೆ ಏನಾದರೂ ಆಗಿತ್ತಾ?"

ಡ್ರೈವರ್ ಯೋಚಿಸಿದ. ನೀರಿನ ತೋಳಿನಿಂದ ಇಳಿಬಿದ್ದ ರಬ್ಬರ್ ಪೈಪುಗಳು ಗಾಳಿಗೆ ಹಾರಾಡದಿರಲೆಂದು ಅವುಗಳ ತುದಿಗೆ ಕಬ್ಬಿಣದ ಗುಂಡು ಕಟ್ಟಿರುತ್ತಾರೆ. ಅಂಥದೊಂದು ಕಳಚಿ ಪೈರಿನೊಳಗೆ ಬಿದ್ದಿತ್ತಂತೆ. ಯಂತ್ರ ಅದನ್ನು ನುಂಗಿ ಬಂದೂಕು ಹೊಡೆದಂತೆ ಸದ್ದಾಯಿತಂತೆ. ಗುಂಡು ಹಿಂದಿನಿಂದ ಹೊರಬಿತ್ತು, ಯಂತ್ರ ಓಡುತ್ತಲೇ ಇತ್ತು, ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟರಂತೆ.

ನಾನು ಎದ್ದು ಯಂತ್ರದ ಕಡೆ ನಡೆದೆ. ಈ ಸಲ ಡ್ರೈವರೂ ಬಂದ. ವೆಲ್ಡಿಂಗ್ ಕಡ್ಡಿಯೊಂದನ್ನು ಚೌಕಟ್ಟಿಗೆ ಕಟ್ಟಿ, ಅದರ ತುದಿ ಬೀಟರಿನ ಶಾಫ್ಟಿಗೆ ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರ ನಿಲ್ಲಿಸಿದೆ. ಅವನು ಪುಲ್ಲಿಯನ್ನು ಕೈಯಿಂದ ನಿಧಾನ ತಿರುಗಿಸಿದ. ಶಾಫ್ಟು ಕಡ್ಡಿಗೆ ತಾಗಿತು, ದೂರ ಹೋಯಿತು, ಮತ್ತೆ ತಾಗಿತು. ಬಾಗಿದೆ. ಬೇರಿಂಗಿನ ಮಾಲು ಕಳಪೆಯೂ ಅಲ್ಲ, ಏನೂ ಅಲ್ಲ. ಬಾಗಿದ ಶಾಫ್ಟಿಗೆ ಎಷ್ಟು ಒಳ್ಳೆಯ ಬೇರಿಂಗ್ ಹಾಕಿದರೂ ಅದು ಮತ್ತೆ ಕಾದು ಸುಡುತ್ತದೆ. ಸುವೈಕ್‌ನಿಂದ ಬರುತ್ತಿದ್ದ ಬೇರಿಂಗನ್ನು ಹಾಕಿ ಎಂದಿನಂತೆ ಓಡಿಸಿದ್ದರೆ ಈ ಸಲ ಹೊಲವೇ ಉರಿಯುತ್ತಿತ್ತೇನೋ.

ಶಾಫ್ಟನ್ನು ಬಿಚ್ಚಿ ಸಲಾಲಾದ ಲೇತಿಗೆ ಒಯ್ದು ನೇರ ಮಾಡಿಸಬಹುದು. ಬಿಚ್ಚುವುದು, ಮಾಡಿಸುವುದು, ಮತ್ತೆ ಜೋಡಿಸುವುದು ಎಂದರೆ ವಾರದ ಮೇಲಾಗುತ್ತದೆ, ಅಷ್ಟರಲ್ಲಿ ಮೂರೂ ಹೊಲದ ಕಾಳು ನೆಲದ ಮೇಲಿರುತ್ತದೆ. ಇನ್ನೊಂದು ದಾರಿಯೆಂದರೆ ಬಾಗಿದ್ದನ್ನು ಬಾಗಿದಂತೆಯೇ ಓಡಿಸುವುದು. ಹೊಸ ಬೇರಿಂಗ್ ಹಾಕಿ, ಕತ್ತರಿ ಪಟ್ಟಿಯ ಅರ್ಧ ಅಗಲವನ್ನಷ್ಟೇ ಪೈರಿಗೆ ಕೊಟ್ಟು, ನಡೆಯುವ ವೇಗದಲ್ಲಿ ಕೊಯ್ಯುವುದು. ಪ್ರತಿ ಸುತ್ತಿಗೂ ನಿಂತು ಬೇರಿಂಗಿನ ಗೂಡಿಗೆ ಮುಂಗೈ ಇಟ್ಟು ನೋಡುವುದು. ಬಿಸಿಲೇರಿದ ಮೇಲೆ ಕೊಯ್ಯುವ ಹಾಗಿಲ್ಲ, ಬೆಳಗಿನ ತಂಪಿನಲ್ಲಷ್ಟೇ. ಲೆಕ್ಕ ಹಾಕಿದರೆ ಗಾಳಿಗೆ ಮುಂಚೆ ಎರಡು ಹೊಲ ಬರಬಹುದು. ಮೂರನೆಯದು ಬರುವುದಿಲ್ಲ. ಮಗ ಕೇಳಿದ್ದು ಮೂರು.

ಮಗನಿಗೆ ಫೋನ್ ಮಾಡಿ, ನೋಡೋಣ, ಪ್ರಯತ್ನ ಮಾಡ್ತಿದ್ದೇವೆ ಎನ್ನಬಹುದಿತ್ತು. ನಮ್ಮ ಕೆಲಸದಲ್ಲಿ ಗ್ರಾಹಕರಿಗೆ ಹಾಗೇ ಹೇಳುವುದು. ಮರುದಿನ ತುಮ್ರೈತ್‌ನಲ್ಲಿ ಬಸ್ಸು ಕಾದು ಬೇರಿಂಗ್ ತಂದವನು ಮೊದಲು ಚಪ್ಪರಕ್ಕೆ ಹೋಗಿ ಕೂತೆ. ಖೈರ್ ಎಂದೆ. ಖರ್ಜೂರ ತಿಂದೆ. ಕಹ್ವಾ ಆಗಿ, ಅವರು ಎರಡನೆಯ ಸಲ ಕೇಳಿದಾಗ ಹೇಳಿದೆ: "ಬಾಬಾ, ಎರಡು ಹೊಲ ತಂದುಕೊಡ್ತೀನಿ. ಮೂರನೇದು ಆಗಲ್ಲ. ಮೂರಕ್ಕೂ ಆಸೆಪಟ್ಟರೆ ಮೂರೂ ಸುಡಬಹುದು."

ಅವರು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ಮುಚ್ಚಿದರು. ಆ ಮಾತಿನಿಂದ ಅವರ ಮುಂದಿನ ವರ್ಷದ ಗೋಧಿ ಹೋಯಿತು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಬಾವಿಯ ಪಕ್ಕದ್ದನ್ನು ಬಿಡು," ಎಂದರು ಕೊನೆಗೆ. "ಅದು ಆಡುಗಳಿಗೆ ಹತ್ತಿರ. ಅವೂ ಒಂದು ವರ್ಷ ಹಬ್ಬ ಮಾಡಲಿ. ಯಲ್ಲಾ, ಹೋಗು, ಬೇರಿಂಗ್ ಹಾಕು."

ಆಮೇಲಿನ ದಿನಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಬೆಳಕು ಹರಿಯುವ ಮೊದಲೇ ಚಾಪೆಯ ಮೇಲೆ ಕೂರುವುದು, ಎರಡನೆಯ ಸುದ್ದಿ ಮುಗಿಯದೆ ಇಂಜಿನ್ ಚಾಲೂ ಮಾಡದಿರುವುದು. ಹಾಗೆ ಕೂತಾಗಲೇ ಒಂದು ಬೆಳಗ್ಗೆ ಡ್ರೈವರ್, ಫ್ಯಾನಿನ ಬೆಲ್ಟಿನ ಅಂಚಿನಲ್ಲಿ ನೂಲು ಬಿಚ್ಚಿದೆ ಎಂದ. ಕಡಿಯುವ ಮುಂಚೆಯೇ ಬದಲಿಸಿದೆವು. ಇನ್ನೊಂದು ಬೆಳಗ್ಗೆ, ಅವತ್ತು ಬೈದೆಯಲ್ಲ, ಯಾವ ಭಾಷೆ ಅದು ಎಂದು ಕೇಳಿದ. ಕನ್ನಡ ಎಂದೆ. ಜೋರಾಗಿದೆ ಎಂದ. ಒಂದೊಂದು ಸುತ್ತಿಗೂ ನಿಂತು ಗೂಡಿನ ಮೇಲೆ ಮುಂಗೈ ಇಡುತ್ತಿದ್ದೆ. ಕೈ ತಡೆದರೆ ಮುಂದೆ, ತಡೆಯದಿದ್ದರೆ ನಿಲ್ಲುವುದು. ನಿಂತಾಗ ಹೊಲದಲ್ಲಿ ಏನೂ ಸದ್ದಿರುತ್ತಿರಲಿಲ್ಲ. ಸುತ್ತಲೂ ದಿಗಂತದವರೆಗೆ ಬಯಲು, ನಡುವೆ ಒಂದು ಯಂತ್ರ, ಎರಡು ಜನ. ಆ ಹೊತ್ತಿನಲ್ಲಿ ಒಂಟಿತನ ಮತ್ತೆ ಬಂದು ಎದೆ ಮೇಲೆ ಕೂರುತ್ತಿತ್ತು. ಬೇರಿಂಗ್ ತಣಿಯುವವರೆಗೆ ಅದನ್ನು ಸಹಿಸಿಕೊಳ್ಳಬೇಕಿತ್ತು.

ಎರಡನೆಯ ಹೊಲದ ಕೊನೆಯ ಪಟ್ಟಿ ಮುಗಿಯುವ ಹೊತ್ತಿಗೆ ಗಾಳಿ ಬಂತು. ಬಿಟ್ಟ ಹೊಲದಲ್ಲಿ ತೆನೆಗಳು ಒಂದಕ್ಕೊಂದು ಬಡಿದು ಕಾಳು ಉದುರುವ ಸದ್ದು ಚಪ್ಪರದವರೆಗೂ ಕೇಳುತ್ತಿತ್ತು. ಯಜಮಾನರು ಒಂದು ಸಲವೂ ಆ ಕಡೆ ನೋಡಲಿಲ್ಲ. ಮಧ್ಯಾಹ್ನ ಆಡುಗಳನ್ನು ಒಳಗೆ ಬಿಡಿಸಿದರು.

ಮಗ ಲಾರಿಗಳ ಜೊತೆ ಬಂದ. ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿ ಕಾಳು ತೆಗೆದು ನೋಡಿ, "ಒಳ್ಳೇ ಮಾಲು" ಎಂದು ನನ್ನ ಕೈ ಕುಲುಕಿದ. ಮನಸ್ಸಿನಿಂದಲೇ ಹೇಳಿದ. ಆಮೇಲೆ ತಂದೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವರ ಮಂಡಿ ಮುಟ್ಟಿಕೊಂಡು ಅರಬ್ಬಿಯಲ್ಲಿ ಮೆಲ್ಲಗೆ ಮಾತಾಡಿದ. ಯಂತ್ರ ಕೊಳ್ಳುವವರು ಸಿಕ್ಕಿದ್ದಾರೆ, ಬಿಸಿಲು ಕಾಲ ಮುಗಿದ ಮೇಲೆ ಮೂರೂ ಹೊಲಕ್ಕೆ ಹುಲ್ಲು ಎಂಬಷ್ಟು ನನಗೆ ತಿಳಿಯಿತು. ಯಜಮಾನರು "ಖೈರ್, ಖೈರ್" ಎಂದರು. ಮಗ ಅವರ ಹಣೆಗೆ ಮುತ್ತಿಟ್ಟು ಎದ್ದ. ಲಾರಿಗಳು ಧೂಳೆಬ್ಬಿಸಿ ಹೊರಟವು, ಅವನ ಕಾರೂ ಹಿಂದೆ ಹೋಯಿತು.

ಸಂಜೆ ಸಲಾಲಾದಿಂದ ನನ್ನ ವಿಮಾನ. ಡ್ರೈವರ್ ನನ್ನ ಚೀಲ, ಟೂಲ್ ಪೆಟ್ಟಿಗೆ ಪಿಕಪ್ಪಿಗೆ ಹಾಕಿ ಕಾಯುತ್ತಿದ್ದ. ಹೋಗಿಬರ್ತೀನಿ ಎನ್ನಲು ಚಪ್ಪರಕ್ಕೆ ಹೋದೆ. ಯಜಮಾನರು ಫ್ಲಾಸ್ಕಿನಲ್ಲಿ ಉಳಿದಿದ್ದನ್ನು ಬಗ್ಗಿಸಿ ಕೊಟ್ಟರು. ಕುಡಿದೆ. ಅವರೂ ಕುಡಿದರು. ಆಮೇಲೆ ನಾನೇ ಕೇಳಿದೆ, "ಬಾಬಾ, ಶೂ ಉಲೂಮ್?"

ಅವರು ಹೊಲದ ಕಡೆ ನೋಡಿದರು. ಆಡುಗಳು ತಲೆ ಬಗ್ಗಿಸಿಕೊಂಡು ಒಂದೇ ಸಮ ಮೇಯುತ್ತಿದ್ದವು.

"ಹುಲ್ಲು ಒಳ್ಳೇದೇ," ಎಂದರು. "ಮಗ ಸುಳ್ಳು ಹೇಳೋದಿಲ್ಲ. ತಿಂಗಳಿಗೊಮ್ಮೆ ಗಾಡಿ ಬರುತ್ತೆ, ಕತ್ತರಿಸಿ ಕಟ್ಟಿ ಹೇರಿಕೊಂಡು ಹೋಗುತ್ತೆ. ಇಂಜಿನ್ ಕೂಡ ಆರಿಸೋದಿಲ್ಲ." ಖಾಲಿ ಕಪ್ಪನ್ನು ತಟ್ಟೆಯ ಪಕ್ಕಕ್ಕಿಟ್ಟರು. "ಗೋಧಿ ಕೊಯ್ಲು ಅಂದರೆ ಯಂತ್ರ ಕೆಡುತ್ತೆ. ಕೆಟ್ಟರೆ ಯಾರಾದರೂ ಬಂದು ಇಲ್ಲಿ ಉಳೀತಾರೆ. ಮನೇಲಿ ಅಷ್ಟು ಜನ ಇದ್ದಾರೆ, ಕಹ್ವಾ ಆಗೋವರೆಗೆ ಯಾರೂ ಕೂರೋದಿಲ್ಲ. ಹುಲ್ಲಿಗೆ ಯಾರು ಬಂದು ಉಳೀತಾರೆ, ಹೇಳು?"

ನನಗೆ ಅಳು ಬಂತು. ಮುಂದಿನ ವರ್ಷ ನಾನು ಬರ್ತೀನಿ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹುಲ್ಲಿಗೆ ಕಂಪನಿ ನನ್ನನ್ನು ಕಳಿಸುವುದಿಲ್ಲ. ಅವರು ಉತ್ತರಕ್ಕಾಗಿ ಕಾಯಲೂ ಇಲ್ಲ. ನನ್ನ ಕಡೆ ತಿರುಗಿ, "ಈಗ ನಿನ್ನದು ಹೇಳು" ಎಂದರು.

ಹೇಳಿದೆ. ಅಲ್ ಖುವೈರ್‌ನ ಫ್ಲಾಟಿನ ಕೆಳಗೆ ಕಾರು ನಿಲ್ಲಿಸಿದ ಮೇಲೆ ಮೇಲೆ ಹೋಗಲು ಕಾಲು ಬಾರದೆ ಎಷ್ಟೋ ಹೊತ್ತು ಕಾರಿನಲ್ಲೇ ಕೂತಿರುತ್ತೇನೆ ಎಂದು ಹೇಳಿದೆ. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಹಿಂದಿಯಲ್ಲಿ ಶುರುಮಾಡಿದ್ದು ಯಾವಾಗಲೋ ಕನ್ನಡವಾಗಿಬಿಟ್ಟಿತ್ತು. ಅವರು ತಡೆಯಲಿಲ್ಲ, ಕೇಳುತ್ತಲೇ ಇದ್ದರು. ಡ್ರೈವರ್ ಒಂದು ಸಲ ಹಾರ್ನ್ ಹೊಡೆದ, ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಹೊಡೆದ, ಕೊನೆಗೆ ಪಿಕಪ್ ಆರಿಸಿ ಬಂದು ಅವನೂ ಚಾಪೆಯ ಮೇಲೆ ಕೂತ. ಆ ಸಂಜೆಯ ವಿಮಾನ ನನ್ನನ್ನು ಬಿಟ್ಟೇ ಮಸ್ಕತ್‌ಗೆ ಹೋಯಿತು.